ಮುನಿಯಕ್ಕನ ಕೈ

ಸಾರಕ್ಕಿಯ ಕಾಯಿಲ್ ಕಾರ್ಖಾನೆಗೆ ಸೂಪರ್‌ವೈಸರ್ ಆಗಿ ಸೇರಿದಾಗ ಉಮಾಮಹೇಶ್ವರಿಗೆ ಇಪ್ಪತ್ನಾಲ್ಕು ವರ್ಷ. ಎಪ್ಪತ್ತೇಳನೇ ಇಸವಿಯ ಜೂನ್ ತಿಂಗಳು. ಎಲೆಕ್ಟ್ರಿಕಲ್ ಡಿಪ್ಲೊಮಾದಲ್ಲಿ ಫಸ್ಟ್ ಕ್ಲಾಸ್ ಬಂದಿದ್ದಳು. ಇಡೀ ತರಗತಿಯಲ್ಲಿ ಹುಡುಗಿಯರು ಇಬ್ಬರೇ. ಬೆಳಿಗ್ಗೆ ಏಳಕ್ಕೆ ಹನುಮಂತನಗರದ ಮನೆ ಬಿಟ್ಟು, ಎರಡು ಬಸ್ಸು ಬದಲಾಯಿಸಿ, ಕೊನೆಯ ಒಂದು ಮೈಲಿ ರಾಗಿ ಹೊಲದ ಅಂಚಿನಲ್ಲಿ ನಡೆದು ಬರುತ್ತಿದ್ದಳು. ಸುತ್ತಮುತ್ತಲಿನ ಶೆಡ್ಡುಗಳಲ್ಲಿ ಹೆಂಗಸು ಸೂಪರ್‌ವೈಸರ್ ಅಂದರೆ ಅವಳೊಬ್ಬಳೇ. ಪಕ್ಕದ ಲೇತ್ ಶೆಡ್ಡಿನ ಗಂಡಸರು ಟೀ ಅಂಗಡಿಯ ಮುಂದೆ ನಿಂತು, ಅವಳಿಗೆ ಕೇಳಿಸಲಿ ಅಂತಲೇ, “ದೀಪಾವಳಿವರೆಗೂ ಇದ್ರೆ ಹೆಚ್ಚು ಬಿಡು ಗುರು” ಅನ್ನುತ್ತಿದ್ದರು. ಅವಳು ತಲೆ ಎತ್ತದೆ ಹೋಗುತ್ತಿದ್ದಳು. ಆದರೆ ಆ ಮಾತು ಸಂಜೆಯವರೆಗೂ ಕಿವಿಯಲ್ಲಿ ಕೂತಿರುತ್ತಿತ್ತು.

ಕಾರ್ಖಾನೆಯಲ್ಲಿ ಸೀಲಿಂಗ್ ಫ್ಯಾನಿಗೆ ಬೇಕಾದ ತಾಮ್ರದ ತಂತಿಯ ಕಾಯಿಲ್ ಸುತ್ತುತ್ತಿದ್ದರು. ಆರು ಮೇಜು, ಆರು ಕೈಯಂತ್ರ, ಆರು ಜನ ಹೆಂಗಸರು. ನಾಲ್ಕನೇ ಮೇಜಿನಲ್ಲಿ ಕೂರುತ್ತಿದ್ದವಳು ಮುನಿಯಕ್ಕ. ಸಾರಕ್ಕಿ ಹಳ್ಳಿಯವಳೇ, ವಯಸ್ಸು ನಲವತ್ತೈದರ ಆಚೆ ಈಚೆ, ಅಕ್ಷರ ಬಾರದು. ಎಡಗೈಯ ಹೆಬ್ಬೆರಳು ತೋರುಬೆರಳಿನ ನಡುವೆ ತಾಮ್ರದ ತಂತಿ ಹರಿಯುತ್ತಿದ್ದರೆ, ಅದರ ಮೇಲಿನ ಲೇಪದಲ್ಲಿ ಕೂದಲೆಳೆಯಷ್ಟು ಗೀರಿದ್ದರೂ ಅವಳ ಯಂತ್ರ ತಟ್ಟನೆ ನಿಲ್ಲುತ್ತಿತ್ತು. “ಇಲ್ಲಿ ಕಚ್ಚಿದೆ” ಅಂತ ಕತ್ತರಿಸಿ ಬಿಸಾಡಿ ಮತ್ತೆ ಶುರು ಮಾಡುವಳು. ಹೀಗೆ ನಿಲ್ಲಿಸಿ ನಿಲ್ಲಿಸಿ ಸುತ್ತಿದರೂ ಸಂಜೆಗೆ ಮೂವರು ಮಾಡುವಷ್ಟು ಕೆಲಸ ಅವಳೊಬ್ಬಳದೇ ಆಗಿರುತ್ತಿತ್ತು. ಹೊಸದಾಗಿ ಸೇರಿದವರನ್ನು ಮಾಲೀಕರು ಶಂಭುಲಿಂಗಪ್ಪನವರು ಮೊದಲು ಅವಳ ಪಕ್ಕದಲ್ಲಿ ಕೂರಿಸುತ್ತಿದ್ದರು.

ಉಮಾಮಹೇಶ್ವರಿಗೆ ಇದು ಒಗ್ಗಲಿಲ್ಲ. ಮುನಿಯಕ್ಕ ಕೆಟ್ಟವಳೇನಲ್ಲ. ಎದ್ದು ನಿಲ್ಲುತ್ತಿದ್ದಳು, “ಮೇಡಂ” ಅನ್ನುತ್ತಿದ್ದಳು, ಮನೆಯಿಂದ ಅವರೆಕಾಳು ತಂದು ಕೊಡುತ್ತಿದ್ದಳು. ಆದರೆ ಹುಡುಗಿಯರಿಗೆ ಏನಾದರೂ ಅನುಮಾನ ಬಂದರೆ ಮೊದಲು ತಿರುಗುತ್ತಿದ್ದುದು ನಾಲ್ಕನೇ ಮೇಜಿನ ಕಡೆಗೆ. ಗಾಜಿನ ಕೋಣೆಯಲ್ಲಿ ಕೂತ ಡಿಪ್ಲೊಮಾದ ಕಡೆಗಲ್ಲ.

ಮುಂದಿನ ವರ್ಷ ಫೆಬ್ರವರಿಯಲ್ಲಿ ಫ್ಯಾನ್ ಕಂಪನಿಯವರು ಬೇಸಿಗೆಗೆ ಮುಂಚೆ ಎರಡರಷ್ಟು ಮಾಲು ಬೇಕು ಅಂದರು. ಸುತ್ತುವುದೇನೋ ಆಗುತ್ತಿತ್ತು. ತೊಡಕಿದ್ದದ್ದು ಓವನ್ನಿನಲ್ಲಿ. ಸುತ್ತಿದ ಕಾಯಿಲ್ಲನ್ನು ವಾರ್ನಿಷ್‌ನಲ್ಲಿ ಅದ್ದಿ ಎಂಟು ಗಂಟೆ ಬಿಸಿಯಲ್ಲಿ ಒಣಗಿಸಬೇಕು. ಓವನ್ ಇದ್ದದ್ದು ಒಂದೇ. ಉಮಾಮಹೇಶ್ವರಿ ಎರಡು ದಿನ ಕೂತು ಕಾಗದದ ಮೇಲೆ ಲೆಕ್ಕ ಹಾಕಿ, ಶಾಖ ಸ್ವಲ್ಪ ಏರಿಸಿದರೆ ಐದು ಗಂಟೆ ಸಾಕು ಅಂತ ತೀರ್ಮಾನಿಸಿದಳು. ಶಂಭುಲಿಂಗಪ್ಪ ಕೇಳಿ ಮೇಜು ತಟ್ಟಿದರು. “ಓದಿದೋರನ್ನ ಇಟ್ಕೊಂಡ್ರೆ ಇದೇ ನೋಡಿ ಲಾಭ!” ಅವತ್ತು ಟೀ ಅಂಗಡಿಯ ಮುಂದೆ ಅವಳು ತಲೆ ಎತ್ತಿಕೊಂಡೇ ಹೋದಳು.

ಒಂದು ವಾರದ ಮೇಲೆ ಮುನಿಯಕ್ಕ ಒಂದು ಕಾಯಿಲ್ ಹಿಡಿದುಕೊಂಡು ಗಾಜಿನ ಕೋಣೆಯ ಬಾಗಿಲಿಗೆ ಬಂದಳು.

“ಮೇಡಂ, ಇದು ಮೇಲೆ ಒಣಗ್ದಂಗೆ ಕಾಣುತ್ತೆ. ಒತ್ತಿದ್ರೆ ಒಳಗಡೆ ಮೆತ್ತಗಿದೆ. ಇನ್ನೊಂದ್ ಸ್ವಲ್ಪ ಹೊತ್ತು ಬಿಟ್ರೆ ಒಳ್ಳೇದೇನೋ.”

ಒಳಗೆ ಶಂಭುಲಿಂಗಪ್ಪನವರೂ ಕೂತಿದ್ದರು. ಉಮಾಮಹೇಶ್ವರಿಯ ಮುಖ ಬಿಸಿಯಾಯಿತು.

“ಇದು ಹೊಸ ವಾರ್ನಿಷ್ಷು ಮುನಿಯಕ್ಕ, ಹಂಗೇ ಇರೋದು. ನೀವು ಸುತ್ತೋದ್ ನೋಡ್ಕೊಳ್ಳಿ. ಓವನ್ ನೋಡ್ಕೊಳ್ಳೋಕೆ ನಾನಿದೀನಿ.”

ವಾರ್ನಿಷ್ ಹೊಸದಾಗಿರಲಿಲ್ಲ. ಬಾಯಿಗೆ ಬಂದದ್ದನ್ನು ಅಂದುಬಿಟ್ಟಿದ್ದಳು. ಮುನಿಯಕ್ಕ ಕಾಯಿಲ್ಲನ್ನು ಒಮ್ಮೆ ನೋಡಿ, “ಹೌದಾ? ನಂಗೆ ಗೊತ್ತಾಗ್ಲಿಲ್ಲ ಮೇಡಂ” ಅಂತ ಹೊರಟುಹೋದಳು. ಓದಿದವರು ಹೇಳಿದ ಮೇಲೆ ಅದು ಸರಿಯೇ ಅಂತ ನಂಬುವ ಹೆಂಗಸು.

ಏಪ್ರಿಲ್‌ನಲ್ಲಿ ಫ್ಯಾನುಗಳು ವಾಪಸು ಬರತೊಡಗಿದವು. ಮೊದಲು ಹತ್ತು, ಆಮೇಲೆ ಪೆಟ್ಟಿಗೆಗಟ್ಟಲೆ. ಕಾಯಿಲ್ ಒಂದು ಬದಿಯಲ್ಲಿ ಸುಟ್ಟು ಕರಕಲಾಗಿತ್ತು. ಸುತ್ತುವಿಕೆಯಲ್ಲೇ ದೋಷ, ಇನ್ನೊಂದು ಸಲ ಹೀಗಾದರೆ ಆರ್ಡರ್ ನಿಲ್ಲಿಸುತ್ತೇವೆ ಅಂತ ಫ್ಯಾನ್ ಕಂಪನಿಯಿಂದ ಕಾಗದ ಬಂತು. ಶಂಭುಲಿಂಗಪ್ಪ ಆ ಕಾಗದವನ್ನು ಅವಳ ಮುಂದೆ ಹಾಕಿ, “ಸಾಯಂಕಾಲದೊಳಗೆ ಯಾರದು ತಪ್ಪು ಅಂತ ಹೇಳಿ” ಅಂದರು.

ಅವಳು ಸುಟ್ಟ ಕಾಯಿಲ್ಲುಗಳಲ್ಲಿ ಹನ್ನೆರಡನ್ನು ಆರಿಸಿ ಅವಕ್ಕೆ ಕಟ್ಟಿದ್ದ ಚೀಟಿ ನೋಡಿದಳು. ಐದು ನಾಲ್ಕನೇ ಮೇಜಿನವು. ಬೇರೆ ಯಾವ ಮೇಜಿನದೂ ಎರಡಕ್ಕಿಂತ ಹೆಚ್ಚಿರಲಿಲ್ಲ. ಮೂವರ ಕೆಲಸ ಮಾಡುವವಳ ಚೀಟಿ ಹೆಚ್ಚಿಗೆ ಸಿಗದೆ ಇನ್ನೇನು ಅಂತ ಯೋಚಿಸುವಷ್ಟು ಸಮಾಧಾನ ಆ ಹೊತ್ತಿನಲ್ಲಿ ಅವಳಿಗೆ ಇರಲಿಲ್ಲ. ಇದ್ದಿದ್ದರೂ ಯೋಚಿಸುತ್ತಿದ್ದಳೋ ಇಲ್ಲವೋ. ಉತ್ತರ ಸಿಕ್ಕಿತಲ್ಲ ಎಂಬ ನಿರಾಳವೇ ದೊಡ್ಡದಾಗಿತ್ತು.

ಮುನಿಯಕ್ಕನನ್ನು ಕರೆದು ಐದೂ ಕಾಯಿಲ್ ಎಲ್ಲರೆದುರು ಮೇಜಿನ ಮೇಲೆ ಸಾಲಾಗಿ ಇಟ್ಟಳು.

“ನನ್ ಕೈಯಲ್ಲಿ ತಪ್ಪಾಗಿಲ್ಲ ಮೇಡಂ,” ಅಂದಳು ಮುನಿಯಕ್ಕ.

“ಚೀಟಿ ನಿಮ್ದೇ ತಾನೆ? ನಿಮ್ ಕಣ್ಣು ಮಂದ ಆಗಿದೆ ಮುನಿಯಕ್ಕ, ಕೈ ಬಿಗಿ ತಪ್ಪಿದೆ. ವಯಸ್ಸಾದ್ಮೇಲೆ ಎಲ್ರಿಗೂ ಆಗೋದೇ. ನಾಳೆಯಿಂದ ಬರ್ಬೇಡಿ.”

ಐದನೇ ಮೇಜಿನ ಅಣ್ಣಮ್ಮ ಎದ್ದು ನಿಂತು, “ಮೇಡಂ, ಅಕ್ಕನ ಕೈ ಹಂಗಲ್ಲ” ಅಂತ ಶುರು ಮಾಡಿದಳು. “ನಿನ್ನ ಕೇಳಿಲ್ಲ, ಕೂತ್ಕೊ” ಅಂದಳು ಉಮಾಮಹೇಶ್ವರಿ. ಅಣ್ಣಮ್ಮ ಕೂತಳು.

ಮುನಿಯಕ್ಕ ಒಂದೊಂದು ಕಾಯಿಲ್ಲನ್ನೂ ಎತ್ತಿ ತಿರುಗಿಸಿ ನೋಡಿದಳು. ಹನ್ನೊಂದು ವರ್ಷ ಕೂತ ಮೇಜಿನ ಕೆಳಗಿಂದ ಊಟದ ಡಬ್ಬಿ ತೆಗೆದುಕೊಂಡು, ಯಂತ್ರದ ಮೇಲಿನ ಧೂಳನ್ನು ಸೆರಗಿನಲ್ಲಿ ಒರೆಸಿ, ಹೊರಟಳು. ಅದು ಶುಕ್ರವಾರ.

ಶನಿವಾರ ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಉಮಾಮಹೇಶ್ವರಿ ಕಂಪನಿಗೆ ವರದಿ ಬರೆಯಲು ಕೂತಳು. ದೋಷ ಎಂಥದ್ದು ಅಂತ ವಿವರ ಬೇಕಿತ್ತು. ಒಂದು ಕಾಯಿಲ್ಲನ್ನು ಹ್ಯಾಕ್ಸಾದಲ್ಲಿ ಅಡ್ಡಡ್ಡ ಕೊಯ್ದಳು. ಗರಗಸ ನಡುವಿಗೆ ಬರುವ ಹೊತ್ತಿಗೆ ಅಂಟಿಕೊಂಡು ಎಳೆಯಿತು. ತೆಗೆದು ನೋಡಿದರೆ ಹಲ್ಲಿನ ತುಂಬ ಹಲಸಿನ ಮೇಣದಂಥ ಅಂಟು. ಒಳಗೆ ವಾರ್ನಿಷ್ ಒಣಗಿರಲೇ ಇಲ್ಲ. ಫ್ಯಾನ್ ತಿರುಗಿದಂತೆಲ್ಲ ತಂತಿ ಒಳಗೊಳಗೇ ಅಲುಗಾಡಿ, ಒಂದಕ್ಕೊಂದು ತಿಕ್ಕಿ, ಲೇಪ ಸವೆದು ಸುಟ್ಟಿತ್ತು. ಎರಡನೇ ಮೇಜಿನದನ್ನು ಕೊಯ್ದಳು. ಹಾಗೇ ಇತ್ತು. ಆರನೇ ಮೇಜಿನದನ್ನು ಕೊಯ್ದಳು. ಹಾಗೇ ಇತ್ತು. ಸುತ್ತಿದವರು ಯಾರೂ ತಪ್ಪು ಮಾಡಿರಲಿಲ್ಲ. ತಪ್ಪು ಆ ಐದು ಗಂಟೆಯದು.

ಇಡೀ ಭಾನುವಾರ ಅವಳಿಗೆ ಯೋಚಿಸಲು ಬಿಡುವಿತ್ತು. ಸೋಮವಾರ ಹೋಗಿ ಶಂಭುಲಿಂಗಪ್ಪನವರಿಗೆ ಹೇಳಿಬಿಡೋಣ ಅಂದುಕೊಂಡಳು. ಆಮೇಲೆ ಟೀ ಅಂಗಡಿಯ ಗಂಡಸರು ನೆನಪಾದರು. ಮಗಳು ಫ್ಯಾಕ್ಟರಿ ನಡೆಸುತ್ತಾಳೆ ಅಂತ ಬೀದಿಗೆಲ್ಲ ಹೇಳಿಕೊಂಡು ಬರುವ ಅಪ್ಪ ಮರುಳಸಿದ್ದಪ್ಪ ನೆನಪಾದರು. ಸೋಮವಾರ ಹೋದವಳೇ ಓವನ್ ಪಕ್ಕದ ಗೋಡೆಯ ಪಟ್ಟಿಯಲ್ಲಿ ಐದನ್ನು ಅಳಿಸಿ ಎಂಟು ಬರೆದಳು. ಕೊಯ್ದ ಕಾಯಿಲ್ಲುಗಳನ್ನು ಗುಜರಿಗೆ ಹಾಕಿದಳು. ಯಾರೂ ಕೇಳಲಿಲ್ಲ. ಬೇಸಿಗೆಯ ಆರ್ಡರು ಆ ಹೊತ್ತಿಗೆ ಮುಗಿಯುತ್ತ ಬಂದಿತ್ತು.

ಆಮೇಲಿನ ಮಾಲಿನಲ್ಲಿ ಒಂದು ಫ್ಯಾನೂ ವಾಪಸು ಬರಲಿಲ್ಲ. ಮುನಿಯಕ್ಕ ಹೋದಳು, ಫ್ಯಾನು ಸುಡುವುದು ನಿಂತಿತು. ಇದಕ್ಕಿಂತ ಸಾಕ್ಷಿ ಬೇಕೆ? ಶಂಭುಲಿಂಗಪ್ಪ ಸಿಕ್ಕಿದವರಿಗೆಲ್ಲ ಹೇಳಿದರು. ಅಕ್ಕಪಕ್ಕದ ಕಾರ್ಖಾನೆಗಳಿಗೂ ಸುದ್ದಿ ಹೋಯಿತು. ಎರಡು ಕಡೆ ಕೆಲಸ ಕೇಳಿಕೊಂಡು ಹೋದ ಮುನಿಯಕ್ಕನನ್ನು ಗೇಟಿನಲ್ಲೇ ವಾಪಸು ಕಳಿಸಿದರಂತೆ.

ಅಲ್ಲಿಂದ ಮುಂದೆ ಉಮಾಮಹೇಶ್ವರಿ ಬೇರೆಯೇ ಮನುಷ್ಯಳಾದಳು. ತೋರಿಕೆಗಲ್ಲ, ನಿಜವಾಗಿ ಆದಳು. ಏನೇ ಬದಲಾವಣೆ ಮಾಡುವ ಮುಂಚೆ ಆರೂ ಮೇಜಿಗೆ ಹೋಗಿ, “ನಿಮ್ಗೇನನ್ಸುತ್ತೆ?” ಅಂತ ಕೇಳುವಳು. ಮಾಲು ಕೆಟ್ಟರೆ ತಾನೇ ಕೊಯ್ದು ನೋಡದೆ ಯಾರ ಹೆಸರನ್ನೂ ಎತ್ತುತ್ತಿರಲಿಲ್ಲ. ಗಾಜಿನ ಕೋಣೆ ಬಿಟ್ಟು ಹೆಂಗಸರ ಜೊತೆ ನೆಲದ ಮೇಲೆ ಕೂತು ಊಟ ಮಾಡತೊಡಗಿದಳು. ಒಮ್ಮೆ ತಂತಿಯ ಅಳತೆ ತಪ್ಪಾಗಿ ತರಿಸಿದ್ದಕ್ಕೆ ಶಂಭುಲಿಂಗಪ್ಪ ಸ್ಟೋರಿನ ಚಲುವರಾಜುವನ್ನು ಬೈಯುತ್ತಿದ್ದಾಗ, “ಸಾರ್, ಬರ್ಕೊಟ್ಟಿದ್ದು ನಾನು, ಅವ್ರದ್ದಲ್ಲ ತಪ್ಪು” ಅಂತ ಎಲ್ಲರೆದುರು ಹೇಳಿದಳು. ಚಲುವರಾಜು ಅದನ್ನು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ. ಶೆಡ್ಡು ಒಂದಿದ್ದದ್ದು ಮೂರಾಯಿತು, ಆರು ಜನ ಇದ್ದದ್ದು ನಲವತ್ತಾಯಿತು. ಎಂಬತ್ತೈದರಲ್ಲಿ ಅವಳನ್ನು ವರ್ಕ್ಸ್ ಮ್ಯಾನೇಜರ್ ಮಾಡಿದರು. ಜಯನಗರದ ಒಂದು ಹಾಲಿನಲ್ಲಿ ಸಣ್ಣ ಕೈಗಾರಿಕೆಯವರ ಸಭೆಗೆ ಕರೆದು, ಕೆಲಸಗಾರರನ್ನು ನಡೆಸಿಕೊಳ್ಳುವುದು ಹೇಗೆ ಅಂತ ಮಾತಾಡಿಸಿದರು. “ಕೆಲಸ ಮಾಡೋ ಕೈಯನ್ನ ಮೊದಲು ಕೇಳಬೇಕು” ಅಂದಳು. ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಚಪ್ಪಾಳೆ ನಿಲ್ಲುವ ಮುಂಚೆಯೇ ಅವಳು ವೇದಿಕೆ ಇಳಿದು ಹೊರಗೆ ಹೋದಳು. ಪಕ್ಕದಲ್ಲಿದ್ದವರು ಸಭಾಕಂಪನ ಅಂದುಕೊಂಡರು.

ಎಂಬತ್ತಾರರ ಶ್ರಾವಣದ ಒಂದು ಬೆಳಿಗ್ಗೆ ಪೂಜೆಗೆ ಹೂವು ತರಲು ಸಾರಕ್ಕಿ ಮಾರ್ಕೆಟ್ಟಿಗೆ ಹೋದಾಗ, “ಮೇಡಂ, ಚೆನ್ನಾಗಿದೀರಾ?” ಅಂತ ಯಾರೋ ಕರೆದರು. ಗೋಣಿತಟ್ಟಿನ ಮೇಲೆ ದಂಟು, ಸಬ್ಬಸಿಗೆ, ಮೆಂತ್ಯದ ಸೊಪ್ಪು ಹರಡಿಕೊಂಡು ಮುನಿಯಕ್ಕ ಕೂತಿದ್ದಳು. ಕೂದಲು ಪೂರಾ ಬೆಳ್ಳಗಾಗಿತ್ತು.

ಉಮಾಮಹೇಶ್ವರಿ ಸೊಪ್ಪಿನ ಮುಂದೆ ಬಗ್ಗಿ, “ಎರಡು ಕಟ್ಟು ಮೆಂತ್ಯ ಕೊಡಿ” ಅಂದಳು.

“ಕಟ್ಟು ಇಲ್ಲ ಮೇಡಂ, ಬಿಡಿ ಸೊಪ್ಪೇ. ಎಷ್ಟು ಬೇಕೋ ನೀವೇ ತಗೊಂಡು ಬಾಳೆನಾರಲ್ಲಿ ಕಟ್ಕೊಳ್ಳಿ. ನನ್ ಕೈ ಸರಿ ಇಲ್ವಲ್ಲ, ನಿಮ್ಗೆ ಗೊತ್ತಿರೋದೆ. ನಾನ್ ಕಟ್ಟಿದ್ರೆ ಬಿಗಿ ನಿಲ್ಲಲ್ಲ.” ಮುನಿಯಕ್ಕ ನಕ್ಕಳು. “ಮನೇಲೂ ಅಷ್ಟೇ, ಸೂಜಿದಾರ ಮುಟ್ಟಲ್ಲ. ಮೊಮ್ಮಗು ಹುಟ್ದಾಗ ಸ್ನಾನ ಮಾಡ್ಸು ಅಂದ್ರು, ಬೇಡಮ್ಮ, ಜಾರ್ಸಿಬಿಟ್ರೆ ಅಂತ ನೀರ್ ಕಾಯ್ಸಿಕೊಟ್ಟು ಸುಮ್ನಾದೆ.”

ಉಮಾಮಹೇಶ್ವರಿ ಸೊಪ್ಪು ಹಿಡಿದು ನಿಂತೇ ಇದ್ದಳು.

“ಒಂದ್ ಮಾತು ಹೇಳ್ಬೇಕು ಅಂತ ಬಾಳ ದಿನದಿಂದ ಇತ್ತು ಮೇಡಂ. ಅವತ್ತು ತಪ್ಪಾಗಿಲ್ಲ ಅಂತ ನಿಮ್ ಎದುರು ಮಾತಾಡ್ಬಿಟ್ಟೆ. ನಾನ್ ಹೋದ್ಮೇಲೆ ಎಲ್ಲಾ ಸರಿಹೋಯ್ತು ಅಂತ ಅಣ್ಣಮ್ಮ ಹೇಳಿದ್ಲು. ನನ್ನಿಂದ ನಿಮ್ಗೆ ಎಷ್ಟು ತೊಂದ್ರೆ ಆಗಿರ್ಬೇಕು. ಮನ್ಸಲ್ಲಿ ಇಟ್ಕೋಬೇಡಿ.”

ಉಮಾಮಹೇಶ್ವರಿ ಸೊಪ್ಪಿನ ದುಡ್ಡು ಕೊಟ್ಟು, ಹೂವನ್ನೂ ಕೊಳ್ಳದೆ, ಬಸ್ ಸ್ಟಾಪಿಗೆ ಬಂದು ನಿಂತಳು. ಮೂರು ಬಸ್ಸು ಹೋದವು. ಮುನಿಯಕ್ಕ ಕೆಲಸ ಕಳೆದುಕೊಂಡದ್ದು ಅವಳಿಗೆ ಗೊತ್ತಿತ್ತು. ಎಂಟು ವರ್ಷ ತನ್ನ ತಪ್ಪು ಅಷ್ಟೇ ಅಂತ ತೂಗಿ ನೋಡಿಕೊಂಡು ಬಂದಿದ್ದಳು. ಆ ಹೆಂಗಸಿನ ಕೈಯನ್ನೇ ಅವಳಿಂದ ಕಿತ್ತುಕೊಂಡಿದ್ದೇನೆ ಅಂತ ಅವತ್ತಿನವರೆಗೂ ಹೊಳೆದಿರಲಿಲ್ಲ.

ಹತ್ತು ದಿನ ಬಿಟ್ಟು, ಒಂದು ಭಾನುವಾರ, ಕೆರೆಯ ಪಕ್ಕದ ಹಳೇ ಬೀದಿಯಲ್ಲಿ ಮನೆ ಹುಡುಕಿಕೊಂಡು ಹೋದಳು. ಮುನಿಯಕ್ಕ ಚಾಪೆ ಹಾಸಿ, ಸೊಸೆಗೆ ಕಾಫಿ ಇಡಲು ಹೇಳಿದಳು. ಕಾಫಿ ಬರುವ ಮುಂಚೆಯೇ ಉಮಾಮಹೇಶ್ವರಿ ಎಲ್ಲವನ್ನೂ ಹೇಳಿದಳು. ಐದು ಗಂಟೆ, ಇಲ್ಲದ ಹೊಸ ವಾರ್ನಿಷ್, ಹ್ಯಾಕ್ಸಾ, ಅಂಟು, ಸೋಮವಾರ. ಕೊನೆಗೆ “ನನ್ನ ಕ್ಷಮಿಸಿ” ಅಂದಳು.

ಮುನಿಯಕ್ಕ ಎರಡೂ ಕೈಯನ್ನು ಮಡಿಲಲ್ಲಿಟ್ಟು ತಿರುಗಿಸಿ ನೋಡಿಕೊಂಡಳು. ಆಮೇಲೆ ಕೇಳಿದಳು:

“ಹಂಗಾದ್ರೆ ನನ್ ಕೈ ಸರಿಯಾಗಿತ್ತಾ?”

“ಸರಿಯಾಗಿತ್ತು ಮುನಿಯಕ್ಕ.”

“ಕಣ್ಣು?”

“ಎಲ್ಲಾ ಸರಿಯಾಗಿತ್ತು.”

“ಎಂಟ್ ವರ್ಷ,” ಅಂದಳು ಮುನಿಯಕ್ಕ. ದನಿ ಏರಲಿಲ್ಲ. “ಎಂಟ್ ವರ್ಷ ನನ್ ಕೈನ ನಾನೇ ಬೈಕೊಂಡು ಬದುಕ್ದೆ. ಮೊಮ್ಮಗೂನ ಎತ್ಕೊಳ್ಳಿಲ್ಲ. ಶನಿವಾರನೇ ಗೊತ್ತಾಯ್ತು ಅಂದ್ರಲ್ಲ, ಸೋಮವಾರ ಬಂದು ಒಂದ್ ಮಾತು ನಂಗೆ ಹೇಳಿದ್ರೆ ಆಗ್ತಿತ್ತು. ಕೆಲ್ಸ ಕೊಡ್ದೆ ಇದ್ರೂ ಪರ್ವಾಗಿಲ್ಲ. ನಿನ್ ಕೈ ಸರಿಯಾಗಿದೆ ಅಂತ ನಂಗೊಬ್ಳಿಗೆ ಹೇಳಿದ್ರೆ ಸಾಕಾಗಿತ್ತು.”

ಉಮಾಮಹೇಶ್ವರಿ ಅಳತೊಡಗಿದಳು.

“ಅಳ್ಬೇಡಿ. ನೀವ್ ಅತ್ರೆ ನಾನು ಸಮಾಧಾನ ಮಾಡ್ಬೇಕಾಗುತ್ತೆ. ಇವತ್ತು ನಂಗಾಗಲ್ಲ.” ಸೊಸೆ ತಂದಿಟ್ಟ ಕಾಫಿ ಲೋಟವನ್ನು ಅವಳ ಕಡೆ ಸರಿಸಿದಳು. “ಇದನ್ನ ಇಲ್ಲಿ ಹೇಳಿದ್ರೆ ಏನ್ ಬಂತು? ಎಲ್ಲಿ ನನ್ನ ಕರ್ದು ಹೇಳಿದ್ರೋ ಅಲ್ಲೇ ಹೇಳಿ. ಎಲ್ರ ಮುಂದೆ. ನಾನೂ ಬರ್ತೀನಿ.”

ಮಾರನೇ ದಿನ ಉಮಾಮಹೇಶ್ವರಿ ಶಂಭುಲಿಂಗಪ್ಪನವರಿಗೆ ಹೇಳಿದಳು. ಅವರು ಕನ್ನಡಕ ತೆಗೆದು, “ಹಳೇದನ್ನ ಯಾಕ್ ಕೆದಕ್ತೀರಿ? ಯಾರಿಗೆ ನೆನಪಿದೆ ಅದೆಲ್ಲ?” ಅಂದರು. ಅವಳು ಬಿಡಲಿಲ್ಲ. ಕೊನೆಗೆ, “ಸರಿ, ಆಯುಧಪೂಜೆ ದಿನ ಹೇಳಿ. ಎಲ್ರೂ ಇರ್ತಾರೆ. ಆಯಮ್ಮನಿಗೆ ಒಂದು ಸೀರೆನೂ ಕೊಡೋಣ” ಅಂದರು.

ಆಯುಧಪೂಜೆಯ ದಿನ ಯಂತ್ರಗಳಿಗೆಲ್ಲ ಕುಂಕುಮ, ಬಾಳೆಕಂದು, ಚೆಂಡು ಹೂವು. ನಲವತ್ತು ಜನರಲ್ಲಿ ಮುನಿಯಕ್ಕನ ಕಾಲದವಳು ಅಂತ ಉಳಿದಿದ್ದದ್ದು ಅಣ್ಣಮ್ಮ ಒಬ್ಬಳೇ. ಮುನಿಯಕ್ಕ ತೊಳೆದ ಹಸಿರು ಸೀರೆ ಉಟ್ಟು, ಒಬ್ಬಳೇ ನಡೆದು ಬಂದು, ಬಾಗಿಲ ಹತ್ತಿರ ನಿಂತಳು. ಮಂಗಳಾರತಿ ಆದ ಮೇಲೆ ಉಮಾಮಹೇಶ್ವರಿ ಎಲ್ಲವನ್ನೂ ಹೇಳಿದಳು. ಒಂದನ್ನೂ ಮರೆಮಾಚಲಿಲ್ಲ. “ತಪ್ಪು ನಂದು. ಗೊತ್ತಾದ್ಮೇಲೂ ಮುಚ್ಚಿಟ್ಟೆ. ಇವರ ಕೈ ಯಾವತ್ತೂ ತಪ್ಪಿರ್ಲಿಲ್ಲ” ಅಂದಳು.

ಆಮೇಲೆ ಚಲುವರಾಜು ಚಪ್ಪಾಳೆ ಶುರು ಮಾಡಿದ. ಮಿಕ್ಕವರೂ ತಟ್ಟಿದರು. ಅಣ್ಣಮ್ಮ ಮಾತ್ರ ತಟ್ಟಲಿಲ್ಲ. ಶಂಭುಲಿಂಗಪ್ಪ ಕಣ್ಣೊರೆಸಿಕೊಂಡು ಮುಂದೆ ಬಂದರು. “ನೋಡಿ, ದೊಡ್ಡ ಸ್ಥಾನದಲ್ಲಿದ್ಕೊಂಡು ತಪ್ಪು ಒಪ್ಕೊಳ್ಳೋದು ಅಂದ್ರೆ ಇದು. ಇಂಥ ಮ್ಯಾನೇಜರ್ ಈ ಏರಿಯಾದಲ್ಲಿ ಇನ್ನೊಬ್ರಿಲ್ಲ.” ಮುನಿಯಕ್ಕನ ಕೈಗೆ ಸೀರೆ, ಹಣ್ಣಿನ ತಟ್ಟೆ ಕೊಟ್ಟು, ಫೋಟೋದವನನ್ನು ಕರೆದು, ಉಮಾಮಹೇಶ್ವರಿಯನ್ನು ನಡುವೆ ನಿಲ್ಲಿಸಿದರು.

ಫೋಟೋ ಆದ ಮೇಲೆ ಮುನಿಯಕ್ಕ ತಟ್ಟೆಯನ್ನು ಅಣ್ಣಮ್ಮನಿಗೆ ಕೊಟ್ಟು ನಾಲ್ಕನೇ ಮೇಜಿನ ಹತ್ತಿರ ಹೋದಳು.

“ಒಂದ್ ಸುತ್ತು ಸುತ್ಲಾ ಮೇಡಂ?”

ಹುಡುಗಿಯರು ಖುಷಿಯಿಂದ ಸುತ್ತ ನೆರೆದರು. ಅಣ್ಣಮ್ಮ ಯಂತ್ರದ ಹೂವು ಸರಿಸಿ ತಂತಿ ಕೂಡಿಸಿಕೊಟ್ಟಳು. ಮುನಿಯಕ್ಕ ಕೂತು, ತಂತಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಹಿಡಿಕೆ ತಿರುಗಿಸಿದಳು. ಎಂಟು ವರ್ಷ ಸೂಜಿಯನ್ನೂ ಮುಟ್ಟದ ಬೆರಳುಗಳು. ನಾಲ್ಕು ಸುತ್ತು ಬಂತು. ಐದನೆಯದು ಸಡಿಲವಾಗಿ ಹೊರಗೆ ಜಾರಿತು. ಬಿಗಿ ಮಾಡಲು ಹೋದಳು. ತಂತಿ ಪಟ್ಟನೆ ಹರಿಯಿತು. ಅಣ್ಣಮ್ಮ ಮತ್ತೆ ಕೂಡಿಸಿದಳು. ಮತ್ತೆ ಹರಿಯಿತು.

ಹಿಂದೆ ನಿಂತಿದ್ದ ಹುಡುಗಿಯೊಬ್ಬಳು ಗೆಳತಿಯ ಕಿವಿಯಲ್ಲಿ ಅಂದದ್ದು ಎಲ್ಲರಿಗೂ ಕೇಳಿಸಿತು. “ನೋಡಿದ್ಯಾ? ಅಜ್ಜಿ ಕೈ ನಿಜವಾಗ್ಲೂ ಸರಿ ಇಲ್ಲ ಕಣೆ. ಮೇಡಂ ಪಾಪ, ಅವ್ರ ಮನಸ್ಸು ನೋಯ್ಬಾರ್ದು ಅಂತ ತಪ್ಪೆಲ್ಲ ತಮ್ ಮೇಲೆ ಹಾಕ್ಕೊಂಡ್ರು.”

“ಇಲ್ಲ!” ಅಂದಳು ಉಮಾಮಹೇಶ್ವರಿ. “ಇಲ್ಲ, ನಾನ್ ಹೇಳಿದ್ದು ನಿಜ. ಒಳಗೆ ಒಣಗಿರ್ಲಿಲ್ಲ, ನಾನೇ ಕೊಯ್ದು ನೋಡ್ದೆ—”

ಹುಡುಗಿಯರು ಅವಳನ್ನು ಇನ್ನಷ್ಟು ಅಭಿಮಾನದಿಂದ ನೋಡಿದರು. ಶಂಭುಲಿಂಗಪ್ಪ ಸಮಾಧಾನದ ದನಿಯಲ್ಲಿ, “ಆಯ್ತು ಬಿಡಿ ಮೇಡಂ, ನಿಮ್ ಮನಸ್ಸು ನಮ್ಗೆ ಗೊತ್ತಿಲ್ವಾ?” ಅಂದರು.

ಮುನಿಯಕ್ಕ ಹಿಡಿಕೆ ಬಿಟ್ಟು ಎದ್ದಳು. ಸೀರೆಯನ್ನೂ ಹಣ್ಣನ್ನೂ ಅಣ್ಣಮ್ಮನ ಕೈಯಲ್ಲೇ ಬಿಟ್ಟು ಹೊರನಡೆದಳು. ಉಮಾಮಹೇಶ್ವರಿ ಗೇಟಿನವರೆಗೂ ಓಡಿದಳು.

“ಮುನಿಯಕ್ಕ, ನಾನು ಮತ್ತೆ ಹೇಳ್ತೀನಿ. ಒಬ್ಬೊಬ್ಬರನ್ನೂ ಕೂರ್ಸಿ ಹೇಳ್ತೀನಿ.”

“ಬೇಡ ಮೇಡಂ.” ಮುನಿಯಕ್ಕ ನಿಂತಳು, ತಿರುಗಿ ನೋಡಲಿಲ್ಲ. “ಹೇಳ್ದಷ್ಟೂ ನೀವೇ ದೊಡ್ಡೋರಾಗ್ತೀರಿ. ಆವಾಗ ಸುಳ್ಳು ಹೇಳಿ ದೊಡ್ಡೋರಾದ್ರಿ, ಇವತ್ತು ನಿಜ ಹೇಳಿ. ನನ್ ಕೈ ಆವಾಗ ಸರಿಯಾಗಿತ್ತು, ಈಗಿಲ್ಲ. ಇಬ್ರಿಗೂ ಗೊತ್ತಾಯ್ತಲ್ಲ, ಸಾಕು.”

ಅವಳು ಮಾರ್ಕೆಟ್ಟಿನ ಕಡೆಗೆ ನಡೆದುಹೋದಳು. ಹಬ್ಬದ ದಿನ, ಸೊಪ್ಪಿಗೆ ಗಿರಾಕಿ ಇರುತ್ತಿತ್ತು.

ಒಳಗಿಂದ ಚಲುವರಾಜು ಕೂಗುತ್ತಿದ್ದ. ಬೂಂದಿಕಾಳಿನ ಪೊಟ್ಟಣ ಹಂಚಬೇಕಿತ್ತು. ಪ್ರತಿ ವರ್ಷ ಮೇಡಮ್ಮೇ ಹಂಚುವುದು, ಅವರು ಬರುವವರೆಗೂ ಯಾರೂ ಕೈ ಹಾಕುವುದಿಲ್ಲ ಅಂತ ಹುಡುಗಿಯರೆಲ್ಲ ಸಾಲಾಗಿ ನಿಂತು ಕಾಯುತ್ತಿದ್ದರು. ಉಮಾಮಹೇಶ್ವರಿ ಒಳಗೆ ಹೋದಳು. ಒಬ್ಬೊಬ್ಬರ ಕೈಗೂ ಪೊಟ್ಟಣ ಇಡುತ್ತ ಹೋದಳು. ಕೆಲವರು ಬಗ್ಗಿ ಅವಳ ಕಾಲು ಮುಟ್ಟಿದರು. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು. ಅದನ್ನೂ ಅವರು ವಿನಯ ಅಂದುಕೊಂಡರು.